ಏಕಾಂತಮ್ಮನವರ ಕೆಎಂಪಿಎಲ್

ನನ್ನ ಹೆಸರು ಶಾಂತಿ. ನಮ್ಮಜ್ಜಿ ಈ ಹೆಸರು ಇಟ್ಟಾಗ ನನಗಿನ್ನೂ ಮಾತು ಬಂದಿರಲಿಲ್ಲ, ಬಂದಿದ್ದರೆ ಬೇರೆ ಹೆಸರು ಹುಡುಕುತ್ತಿದ್ದಳು. ಹೊಳಲ್ಕೆರೆಯ ಮಾರುಕಟ್ಟೆ ಯಾರ್ಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಅದರ ಗೋಡೆಗೆ ಅಂಟಿಕೊಂಡೇ ಏಕಾಂತಮ್ಮನವರ ಮನೆ. ಆ ಮನೆಯಲ್ಲಿ ಹಾಲು ಉಕ್ಕಿದರೂ ನನಗೆ ಗೊತ್ತಾಗುತ್ತದೆ, ಮಾತು ಉಕ್ಕಿದರೂ ಗೊತ್ತಾಗುತ್ತದೆ. ಅವರ ಕಾರಿನ ಸಂಗತಿಯನ್ನು ಬೀದಿಯವರು ಬಾಯಿಗೆ ಬಂದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕಣ್ಣಾರೆ ಕಂಡವಳು ನಾನು, ನಾನೇ ಹೇಳಿಬಿಡುತ್ತೇನೆ.

ಏಕಾಂತಮ್ಮನವರ ಬಗ್ಗೆ ಹೇಳಬೇಕಾದರೆ ಮೊದಲು ಅವರ ಗಂಡನ ಬಗ್ಗೆ ಹೇಳಬೇಕು. ನನಗೇನೂ ಇದು ಇಷ್ಟವಿಲ್ಲ, ಆದರೆ ಆ ಮನೆಯಲ್ಲಿ ಇಷ್ಟು ವರ್ಷ ನಡೆದದ್ದೇ ಹಾಗೆ. ರೇವಣಸಿದ್ದಪ್ಪನವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಡಿಪೋದಲ್ಲಿ ಡ್ರೈವರುಗಳಿಗೆ ಬೆಲೆ ಕಟ್ಟುವುದು ಒಂದೇ ಮಾತಿನಿಂದ, ಅದು ಕೆಎಂಪಿಎಲ್. ಅಂದರೆ ಒಂದು ಲೀಟರ್ ಡೀಸೆಲ್ಲಿಗೆ ಬಸ್ಸನ್ನು ಎಷ್ಟು ಕಿಲೋಮೀಟರ್ ಓಡಿಸಿದ ಎನ್ನುವ ಲೆಕ್ಕ. ಡಿಪೋದ ಗೇಟಿನ ಹತ್ತಿರ ಒಂದು ಕರಿಹಲಗೆ. ಹೆಚ್ಚು ತಂದವರ ಹೆಸರು ಮೇಲೆ, ಕಡಿಮೆ ತಂದವರದು ಕೆಳಗೆ. ತೀರ ಕೆಳಗಿದ್ದವರನ್ನು ಟ್ರೈನಿಂಗಿಗೆ ಕಳಿಸುತ್ತಿದ್ದರಂತೆ. ತಲೆ ನೆರೆತ ಡ್ರೈವರ್ ಹೊಸಬನ ಹಾಗೆ ಇನ್ನೊಬ್ಬರ ಪಕ್ಕ ಕೂತು, ಆಕ್ಸಿಲೇಟರ್ ಮೇಲೆ ಕಾಲು ಹೇಗಿಡಬೇಕು ಎಂದು ಹೇಳಿಸಿಕೊಳ್ಳಬೇಕು. ಅದಕ್ಕಿಂತ ದೊಡ್ಡ ಅವಮಾನ ಡಿಪೋದಲ್ಲಿ ಇನ್ನೊಂದಿರಲಿಲ್ಲ.

ರೇವಣಸಿದ್ದಪ್ಪನವರ ಹೆಸರು ಕೆಳಗೆ ಇಳಿದದ್ದೇ ಇಲ್ಲ. ನಿವೃತ್ತಿಯ ದಿನ ಹಾರ ಹಾಕಿ, ಏನು ಬೇಕು ಎಂದು ಕೇಳಿದರೆ, ಮೂಲೆಗೆ ಬಿದ್ದಿದ್ದ ಹಳೆಯ ಕರಿಹಲಗೆಯನ್ನು ಕೇಳಿ ತಂದರು. ಅದನ್ನು ಜಗುಲಿಯ ಗೋಡೆಗೆ ಹೊಡೆದು, ಮೇಲುಗಡೆ ತಮ್ಮ ಹೆಸರು ಬರೆದು, ಯಾರು ಬಂದರೂ ಅದರ ಕೆಳಗೇ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಬೀದಿಯವರು ಅವರಿಗೆ ಕೆಎಂಪಿಎಲ್ ಸಿದ್ದಪ್ಪ ಎನ್ನುತ್ತಿದ್ದರು. ಅವರು ಅದನ್ನು ಬಿರುದು ಎಂದೇ ತಿಳಿದಿದ್ದರು.

ಏಕಾಂತಮ್ಮನವರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಕುರಿ ಸಾಕುವ ಮನೆಯ ಮಗಳು. ಅಕ್ಕ ಹುಚ್ಚಕ್ಕನ ಜೊತೆ ಕುರಿಯ ಹಿಂದೆ ತಿರುಗಿಕೊಂಡೇ ಓದಿ, ಚಿತ್ರದುರ್ಗದಲ್ಲಿ ಟ್ರೈನಿಂಗ್ ಮುಗಿಸಿ, ನರ್ಸ್ ಆಗಿ ಕೆಲಸ ಹಿಡಿದವರು. ಹೆಚ್ಚಿನ ಕಾಲ ಕೆಲಸ ಮಾಡಿದ್ದು ತಾಳ್ಯದ ಕಡೆ. ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದರು, ಒಮ್ಮೊಮ್ಮೆ ಗಂಡನ ಬಸ್ಸೇ ಸಿಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ಸಲ ಆಸೆಯಿಂದ ಮುಂದಿನ ಬಾಗಿಲಲ್ಲಿ ಹತ್ತಿ "ರೀ" ಎಂದು ಕರೆದರಂತೆ. ರೇವಣಸಿದ್ದಪ್ಪ ತಿರುಗಿಯೂ ನೋಡದೆ ಹೇಳಿದ್ದು ಇಷ್ಟು.

"ಡ್ಯೂಟಿಲಿ ಹೆಂಡ್ತಿ ಇಲ್ಲ. ಟಿಕೆಟ್ ತಗಂಡು ಕುಂತ್ಕಳ್ರಿ."

ಅವತ್ತಿನಿಂದ ಏಕಾಂತಮ್ಮ ಎಲ್ಲರ ಹಾಗೆ ಕಂಡಕ್ಟರಿಗೆ "ಒಂದು ಹೊಳಲ್ಕೆರೆ ಕೊಡಪ್ಪ" ಎಂದು ಟಿಕೆಟ್ ತೆಗೆದುಕೊಂಡು ಲೇಡೀಸ್ ಸೀಟಿನಲ್ಲಿ ಕೂರುತ್ತಿದ್ದರು. ಇದನ್ನು ಅವರು ನಗುತ್ತಲೇ ಹೇಳುತ್ತಾರೆ. ಆದರೆ ನನಗೆ ಈ ಮಾತನ್ನು ಎಷ್ಟು ಸಲ ಹೇಳಿದ್ದಾರೆಂದು ನೋಡಿದರೆ ಅದು ಬರೀ ನಗೆಯಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ.

ಅವರೂ ನಿವೃತ್ತರಾದ ಮೇಲೆ ಇಬ್ಬರ ದುಡ್ಡೂ ಸೇರಿಸಿ ಹೊಸ ಕಾರು ತಂದರು. ಬಿಳಿ ಬಣ್ಣದ ಸಣ್ಣ ಪೆಟ್ರೋಲ್ ಕಾರು. ಕಾರು ಬಂದ ವಾರವೇ ಏಕಾಂತಮ್ಮ ನಾಗಣ್ಣನ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಬೀದಿಯಲ್ಲಿ ನಕ್ಕವರೇ ನಕ್ಕವರು. ಅರವತ್ತಕ್ಕೆ ಅರಳು ಮರಳು ಅಂದರು. ಹೆಂಗಸರಿಗೆ ಬಸ್ಸೇ ಫ್ರೀ ಆಗಿರುವಾಗ ಇವರಿಗೆ ಯಾಕೆ ಈ ಉಸಾಬರಿ ಅಂದರು. ನಾನೂ ಒಂದು ದಿನ ರವಿಕೆ ಅಳತೆ ತೆಗೆದುಕೊಳ್ಳುತ್ತಾ ಕೇಳಿದೆ.

"ಯಾಕಕ್ಕ ಇಷ್ಟು ಹಠ?"

"ನಂಗೆ ಬೇಕನ್ನಿಸಿದಾಗ ಹೊರಡ್ಬೇಕು, ನಂಗೆ ಬೇಕನ್ನಿಸಿದ ಕಡೆ ನಿಲ್ಲಿಸ್ಬೇಕು, ಇಷ್ಟೇ ಶಾಂತಿ," ಅಂದರು. "ಹರಿಯಬ್ಬೆಗೆ ಹೋಗ್ಬೇಕು ಅಂದ್ರೆ ಮೂರು ಬಸ್ಸು ಕಾಯ್ಬೇಕು. ಹುಚ್ಚಕ್ಕಂಗೆ ಮಂಡಿ ನೋವು, ಆಕೀನೇ ಇಲ್ಲಿಗೆ ಬರಾಕಾಗಲ್ಲ. ಫೋನ್ ಮಾಡಿದ್ರೆ ಏನಂತಾಳೆ ಗೊತ್ತಾ? ನಿನ್ನ ಗಂಡನ ಗಾಡಿ ನಂಗ್ಯಾಕೆ, ನೀನು ಓಡಿಸ್ಕಂಡು ಬಂದ್ರೆ ಹತ್ತೀನಿ ಅಂತಾಳೆ."

ಲೈಸೆನ್ಸ್ ಬಂತು. ಕೀಲಿಕೈ ಬರಲಿಲ್ಲ. ಅದು ರೇವಣಸಿದ್ದಪ್ಪನವರ ಅಂಗಿ ಜೇಬಿನಲ್ಲೇ ಇರುತ್ತಿತ್ತು. ಕೇಳಿದಾಗಲೆಲ್ಲ ಒಂದೇ ರಾಗ. "ಹೊಸ ಎಂಜಿನ್ನು, ಕಲಿಯೋರ ಕೈಗೆ ಕೊಟ್ರೆ ಮೈಲೇಜು ಸತ್ತೋಗ್ತೈತೆ. ನಂದೊಂದು ಕೆಎಂಪಿಎಲ್ ಐತೆ ಮರ್ಯಾದಿಗೆ." ನನಗೆ ಮೈ ಉರಿಯುತ್ತಿತ್ತು. ಅರ್ಧ ಕಾರು ಆಕೆಯದು, ಪೂರ್ತಿ ಕೀಲಿಕೈ ಇವರದು.

ಇನ್ನು ಆ ಮರ್ಯಾದೆಯ ಕಥೆ ಕೇಳಿ. ಕಾರು ತಂದ ದಿನ ರೇವಣಸಿದ್ದಪ್ಪ ನಮ್ಮೂರ ಬಂಕಿಗೆ ಹೋಗಿ, ಟ್ಯಾಂಕಿನ ಮೂತಿಗೆ ಬರುವ ತನಕ ಪೆಟ್ರೋಲ್ ಹಾಕಿಸಿ, ಕಾರನ್ನು ಪಕ್ಕದಿಂದ ಹಿಡಿದು ಅಲ್ಲಾಡಿಸಿ, ಪೆಟ್ರೋಲ್ ಕೆಳಗೆ ಇಳಿದ ಜಾಗಕ್ಕೆ ಇನ್ನಷ್ಟು ಹಾಕಿಸಿದರು. ಎರಡನೇ ಸಲ ಹೋದಾಗ ಮಳೆ ಬಂತು. ಪೈಪು 'ಟಕ್' ಎಂದು ತಾನೇ ನಿಂತ ಕೂಡಲೇ ಸಾಕು ಎಂದು ಬಂದುಬಿಟ್ಟರು. ಲೆಕ್ಕ ಹಾಕಿದರೆ ಲೀಟರಿಗೆ ಮೂವತ್ತೊಂದು! ಕಂಪನಿಯವರೇ ಇಪ್ಪತ್ತನಾಲ್ಕು ಎಂದಿದ್ದರು. ಹಲಗೆಯ ಮೇಲೆ ದೊಡ್ಡದಾಗಿ ಮೂವತ್ತೊಂದು ಬರೆದು ಬೀದಿಗೆಲ್ಲ ಪೇಡ ಹಂಚಿದರು. ನಾನೂ ಎರಡು ತಿಂದೆ.

ಮೂರನೇ ಸಲ ಬಿಸಿಲಿತ್ತು. ಮತ್ತೆ ಮೂತಿ ತನಕ ತುಂಬಿಸಿ, ಮತ್ತೆ ಅಲ್ಲಾಡಿಸಿ, ಮತ್ತೆ ತುಂಬಿಸಿದರು. ಲೆಕ್ಕ ಬಂದದ್ದು ಹನ್ನೊಂದು. ಅವತ್ತು ಹಲಗೆಯ ಮೇಲೆ ಏನೂ ಬರೆಯಲಿಲ್ಲ, ಪೇಡವೂ ಇಲ್ಲ. ಪೆಟ್ರೋಲಿನಲ್ಲಿ ಕಲಬೆರಕೆ ಅಂದರು. ಎಂಜಿನ್ ಸರಿಯಿಲ್ಲ ಅಂದರು. ಕೊನೆಗೆ ಹೆಂಡತಿಯ ಕಡೆ ನೋಡಿ, "ನೀನು ಕುಂತ್ಕಂಡ್ರೆ ಗಾಡಿ ಒಂದು ಕಡೆ ಇಳೀತೈತೆ, ಅದ್ಕೇ," ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಏಕಾಂತಮ್ಮ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಕೇಳಿದರು.

"ರಾಗಿ ಅಳೆಯೋವಾಗ ಒಂದ್ಸಲ ಸೇರಿನ ತಲೆ ಸವರಿ ಅಳೆದು, ಇನ್ನೊಂದ್ಸಲ ಗೋಪುರ ಮಾಡಿ ಅಳೆದ್ರೆ ಲೆಕ್ಕ ಸಿಗ್ತೈತೇನ್ರಿ?"

"ರಾಗಿಗೂ ಪೆಟ್ರೋಲಿಗೂ ಏನೇ ಸಂಬಂಧ?"

"ಎರಡೂ ಅಳೀತೀರಲ್ಲ. ಒಂದ್ಸಲ ಟಕ್ ಅಂದ ಕೂಡ್ಲೆ ನಿಲ್ಸಿದ್ರಿ, ಒಂದ್ಸಲ ಗೋಪುರ ಹಾಕ್ಸಿದ್ರಿ. ಮೂವತ್ತೊಂದೂ ಸುಳ್ಳು, ಹನ್ನೊಂದೂ ಸುಳ್ಳು. ಅದೇ ಬಂಕು, ಅದೇ ಪೈಪು, ಅದೇ ಜಾಗ. ಟಕ್ ಅಂದ್ರೆ ನಿಲ್ಸಿ. ಆಮೇಲೆ ಮಾತಾಡಾಣ."

ರೇವಣಸಿದ್ದಪ್ಪ ಹಾಗೇ ಮಾಡಿ ನೋಡಿದರು. ನಿಜವಾದ ಲೆಕ್ಕ ಬಂತು, ಹದಿನಾಲ್ಕು. ಕೆಎಂಪಿಎಲ್ ಸಿದ್ದಪ್ಪನವರ ಮುಖ ನೋಡಲಾಗುತ್ತಿರಲಿಲ್ಲ. ಬೀದಿಯವರು ಬೇಕೆಂದೇ ಬಂದು "ಎಷ್ಟು ಬರ್ತೈತಣ್ಣ?" ಎಂದು ಕೇಳಿಹೋಗುತ್ತಿದ್ದರು. ಸರ್ವಿಸಿನವರು ನೋಡಿ ಗಾಡಿಯಲ್ಲಿ ಏನೂ ತೊಂದರೆಯಿಲ್ಲ ಎಂದು ಕಳಿಸಿದರು.

ತೊಂದರೆ ಎಲ್ಲಿದೆ ಎಂದು ನನ್ನ ಕಿವಿಗೆ ದಿನಾ ಬೆಳಿಗ್ಗೆ ಕೇಳಿಸುತ್ತಿತ್ತು, ಆದರೆ ಅದೇ ತೊಂದರೆ ಎಂದು ನನಗೆ ಗೊತ್ತಿರಲಿಲ್ಲ. ರೇವಣಸಿದ್ದಪ್ಪ ಎದ್ದ ಕೂಡಲೇ ಕಾರು ಸ್ಟಾರ್ಟ್ ಮಾಡಿ ಬಿಡುತ್ತಿದ್ದರು. ಆಮೇಲೆ ಸ್ನಾನ, ವಿಭೂತಿ, ತಿಂಡಿ. ಅಷ್ಟೂ ಹೊತ್ತು ಕಾರು ನಿಂತಲ್ಲೇ ಗುರ್ ಅನ್ನುತ್ತಿರುತ್ತಿತ್ತು. ಒಂದು ದಿನ ಏಕಾಂತಮ್ಮ ಕೇಳಿಯೇಬಿಟ್ಟರು.

"ಯಾಕ್ರಿ ಸುಮ್ನೆ ಓಡ್ತಾ ಇರ್ತೈತೆ ಇದು?"

"ಗಾಳಿ ತುಂಬ್ಬೇಕಲ್ಲೇ. ಗಾಳಿ ಏರದೆ ಗಾಡಿ ತೆಗದ್ರೆ ಬ್ರೇಕ್ ಹಿಡಿಯಲ್ಲ. ನಿಂಗೇನ್ ಗೊತ್ತು."

ಏಕಾಂತಮ್ಮ ಕಾರಿನ ಮುಂದೆ ಹೋಗಿ ನಿಂತರು, ಹಿಂದೆ ಹೋಗಿ ನಿಂತರು, ಬಗ್ಗಿ ಕೆಳಗೂ ನೋಡಿದರು.

"ಬಸ್ಸಿಗೆ ಗಾಳಿ ಬ್ರೇಕು. ಬಸ್ಸಿನ ಕೆಳಗೆ ಗಾಳಿ ಟ್ಯಾಂಕ್ ನೇತಾಡ್ತಿರ್ತೈತೆ, ನಾನೇ ನೋಡೀನಿ. ಇದ್ರಾಗೆ ಎಲ್ಲೈತ್ರಿ ಟ್ಯಾಂಕು?"

ರೇವಣಸಿದ್ದಪ್ಪ ತಾವೂ ಬಗ್ಗಿ ಕಾರಿನ ಕೆಳಗೆ ನೋಡಿದರು. ನಾನು ಅಂಗಡಿಯ ಬಾಗಿಲಲ್ಲಿ ನಿಂತು ಜೋರಾಗಿ ನಕ್ಕದ್ದು ಅವರಿಗೂ ಕೇಳಿಸಿತು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಗಾಳಿ ಏರುವುದನ್ನು ಕಾದ ಮನುಷ್ಯ, ಕಾರಿಗೂ ಗಾಳಿ ಏರಲಿ ಎಂದು ದಿನಾ ತಿಂಡಿ ಮುಗಿಯುವ ತನಕ ಪೆಟ್ರೋಲ್ ಸುಡುತ್ತಿದ್ದರು! ಅವರನ್ನು ಅಂದೇನು ಪ್ರಯೋಜನ, ಅಭ್ಯಾಸಬಲ. ಆದರೆ ನಗು ತಡೆಯಲಾಗಲಿಲ್ಲ.

ಅಲ್ಲಿಂದ ಏಕಾಂತಮ್ಮನವರಿಗೆ ದಾರಿ ಸಿಕ್ಕಿತು. ಬಸ್ಸಿನ ದೊಡ್ಡ ಟೈರಿಗೆ ಕಾಲಲ್ಲಿ ಒದ್ದು ಗಾಳಿ ನೋಡುವ ಹಾಗೆ ಗಂಡ ಕಾರಿನ ಟೈರಿಗೂ ಒದ್ದು "ಸರಿ ಐತೆ" ಅನ್ನುತ್ತಿದ್ದರು. ಪಂಚರ್ ಅಂಗಡಿಯಲ್ಲಿ ಮೀಟರ್ ಇಟ್ಟು ನೋಡಿಸಿದರೆ ನಾಲ್ಕೂ ಟೈರಿನಲ್ಲಿ ಗಾಳಿ ಕಡಿಮೆ. ಡಿಕ್ಕಿಯಲ್ಲಿ ಬಸ್ಸಿನ ಕಾಲದ ಕಬ್ಬಿಣದ ಸಾಮಾನಿನ ಮೂಟೆ, ಯಾವುದಕ್ಕೂ ಇರಲಿ ಎಂದು ಒಂದು ಕ್ಯಾನ್ ನೀರು, ಮಗಳ ಮನೆಗೆ ಕೊಡಬೇಕೆಂದು ಇಟ್ಟು ಮರೆತಿದ್ದ ಅರ್ಧ ಚೀಲ ತೆಂಗಿನಕಾಯಿ. ಎಲ್ಲ ಇಳಿಸಿದರು. ತೆಂಗಿನಕಾಯಿ ನನಗೂ ಸಿಕ್ಕಿತು.

ಅವತ್ತು ಸಂಜೆ ಜಗುಲಿಯಲ್ಲಿ, ನನ್ನೆದುರಿಗೇ, ಏಕಾಂತಮ್ಮ ಮಾತು ತೆಗೆದರು.

"ನಾನು ಓಡಿಸಿದ್ರೆ ಮೈಲೇಜು ಸಾಯ್ತೈತೆ ಅಂತೀರಲ್ಲ, ನೋಡೇಬಿಡಾಣ. ಒಂದು ಭಾನುವಾರ ನೀವು, ಒಂದು ಭಾನುವಾರ ನಾನು. ಅದೇ ದಾರಿ, ಅದೇ ಜನ. ನಿಮ್ಮ ಕೆಎಂಪಿಎಲ್ ನಾನು ದಾಟಿದ್ರೆ ಕೀಲಿಕೈ ನಂದು. ದಾಟದಿದ್ರೆ ಇನ್ನೊಂದ್ಸಲ ಕೇಳಾದೇ ಇಲ್ಲ, ಲೈಸೆನ್ಸ್ ತಗಂಡೋಗಿ ಪೆಟ್ಟಿಗೇಲಿ ಇಡ್ತೀನಿ."

ರೇವಣಸಿದ್ದಪ್ಪನವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಮಾತು ಅಂದ್ರೆ ಮಾತು. ಶಾಂತಿ, ನೀನೇ ಸಾಕ್ಷಿ," ಎಂದರು. ನನಗೆ ಮಾತ್ರ ಲೈಸೆನ್ಸ್ ಪೆಟ್ಟಿಗೆಗೆ ಸೇರುವ ಮಾತನ್ನು ಏಕಾಂತಮ್ಮ ಯಾಕೆ ಆಡಿದರು ಎಂದು ಸಿಟ್ಟೇ ಬಂತು. ಆಕೆ ಹೇಳಿದ್ದನ್ನು ಮಾಡುವವರು.

ದಾರಿಯನ್ನು ಆರಿಸಿದ್ದು ಏಕಾಂತಮ್ಮನವರೇ. ಹೊಳಲ್ಕೆರೆಯಿಂದ ಚಿತ್ರದುರ್ಗ, ಅಲ್ಲಿಂದ ಹಿರಿಯೂರು, ಹಿರಿಯೂರಿನಿಂದ ಹೊಸದುರ್ಗ, ಹೊಸದುರ್ಗದಿಂದ ಮತ್ತೆ ಮನೆಗೆ. ಸುತ್ತು ಹಾಕಿದರೆ ಗಾಳಿ ಒಂದು ಕಡೆ ಎದುರಿಗೆ ಹೊಡೆಯುತ್ತದೆ, ಇನ್ನೊಂದು ಕಡೆ ಬೆನ್ನಿಗೆ ಬರುತ್ತದೆ, ಆಮೇಲೆ ಗಾಳಿ ಜಾಸ್ತಿ ಇತ್ತು ಎಂದು ಯಾರೂ ನೆಪ ಹೇಳುವ ಹಾಗಿಲ್ಲ ಎಂದರು. ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನಾನೂ ದಿನಾ ನೋಡಿದವಳೇ, ಈ ಬುದ್ಧಿ ನನಗೆ ಹೊಳೆದಿರಲಿಲ್ಲ.

ಮೊದಲ ಭಾನುವಾರ ರೇವಣಸಿದ್ದಪ್ಪನವರದು. ನಾನು ಹಿಂದಿನ ಸೀಟಿನಲ್ಲಿ, ಅವರ ಮಾತಿನಲ್ಲಿ ಹೇಳುವುದಾದರೆ ಚೆಕಿಂಗ್ ಅಧಿಕಾರಿ. ದುರ್ಗದ ತನಕ ಬಹಳ ಚೆನ್ನಾಗಿ ಓಡಿಸಿದರು, ಸುಳ್ಳು ಹೇಳಬಾರದು. ಹೈವೇ ಹತ್ತಿದ ಮೇಲೆ ಒಂದು ಖಾಸಗಿ ಬಸ್ಸು ಪಕ್ಕದಿಂದ ಹಾದು ಮುಂದೆ ಹೋಯಿತು. ಮುಗಿಯಿತು ಕಥೆ. ಇಷ್ಟು ವರ್ಷ ಇವರ ಬಸ್ಸಿಗೆ ಸ್ಪೀಡ್ ಲಾಕ್ ಇತ್ತು, ಖಾಸಗಿಯವರು ಹಾರ್ನ್ ಹೊಡೆದು ಮುಂದೆ ಹೋದಾಗಲೆಲ್ಲ ಹಲ್ಲು ಕಚ್ಚಿಕೊಂಡು ಕೂತವರು. ಕಾರಿಗೆ ಲಾಕ್ ಇಲ್ಲ. "ನೋಡ್ತಿರು," ಎಂದು ಒತ್ತಿದರು ನೋಡಿ, ಆ ಬಸ್ಸನ್ನು ಹಿಂದೆ ಹಾಕಿ, ಅದರ ಅಣ್ಣತಮ್ಮಂದಿರನ್ನೂ ಹಿಂದೆ ಹಾಕಿದರು.

ಇಳಿಜಾರು ಬಂದಲ್ಲೆಲ್ಲ ಗೇರನ್ನು ನ್ಯೂಟ್ರಲ್‌ಗೆ ತಳ್ಳಿ, "ಇದು ನೋಡು ಪುಕ್ಕಟೆ ಸವಾರಿ," ಎಂದು ನನ್ನ ಕಡೆ ತಿರುಗಿ ಹೇಳುತ್ತಿದ್ದರು. ಪಕ್ಕದಲ್ಲಿ ಕೂತ ಏಕಾಂತಮ್ಮನವರ ಕಣ್ಣು ಸ್ಟೇರಿಂಗಿನ ಹಿಂದಿನ ಸಣ್ಣ ಪರದೆಯ ಮೇಲಿತ್ತು. ಕಾಲಿಟ್ಟ ಹಾಗೆಲ್ಲ ಮೈಲೇಜು ಎಷ್ಟು ಎಂದು ಅದರಲ್ಲಿ ಒಂದು ಹಸಿರು ಪಟ್ಟಿ ಉದ್ದವಾಗಿ ಗಿಡ್ಡವಾಗಿ ತೋರಿಸುತ್ತದೆ. ವಾಣಿವಿಲಾಸಪುರ ದಾಟಿದ ಮೇಲೆ ರಸ್ತೆಗೆ ಕುರಿ ಹಿಂಡು ಅಡ್ಡ ಬಂತು. ರೇವಣಸಿದ್ದಪ್ಪ ಹತ್ತಿರದ ತನಕ ಹೋಗಿ ಬ್ರೇಕ್ ಒತ್ತಿ, ಹಾರ್ನ್ ಹೊಡೆದು, ಕುರಿ ಕಾಯುವವನಿಗೆ ಎರಡು ಮಾತು ಅಂದು, ಹಿಂಡು ಹೋದ ಮೇಲೆ ಫಸ್ಟ್ ಗೇರಿನಿಂದ ಮತ್ತೆ ಎಬ್ಬಿಸಿದರು.

ನಮ್ಮೂರ ಬಂಕಿನ ಹುಡುಗ ರಂಗೇಶ ಟಕ್ ಅನ್ನುವ ತನಕ ಪೆಟ್ರೋಲ್ ಹಾಕಿದ. ಲೆಕ್ಕ ಬಂದದ್ದು ಹದಿನೇಳು. ಹದಿನಾಲ್ಕರಿಂದ ಹದಿನೇಳು! ರೇವಣಸಿದ್ದಪ್ಪ ಮೀಸೆ ತಿರುವಿದರು. ಬೆಳಿಗ್ಗೆಯ ಗಾಳಿ ತುಂಬುವುದು ನಿಂತದ್ದಕ್ಕೆ, ಟೈರಿಗೆ ಗಾಳಿ ಬಂದದ್ದಕ್ಕೆ, ಡಿಕ್ಕಿ ಹಗುರಾದದ್ದಕ್ಕೆ ಅದು ಏರಿತು ಎಂದು ಅವರ ಬಾಯಲ್ಲಿ ಬರಲೇ ಇಲ್ಲ. ಹಲಗೆಯ ಮೇಲೆ ತಮ್ಮ ಹೆಸರಿನ ಮುಂದೆ ಹದಿನೇಳು ಬರೆದು, ಕೆಳಗೆ ಹೆಂಡತಿಯ ಹೆಸರು ಬರೆದು, ಅದರ ಮುಂದೆ ಖಾಲಿ ಬಿಟ್ಟರು. ಆ ಖಾಲಿ ಜಾಗ ನೋಡಿ ನೋಡಿ ನನಗೆ ಆ ವಾರ ಎರಡು ರವಿಕೆಯ ತೋಳು ತಪ್ಪಿಹೋಯಿತು.

ಶನಿವಾರ ಹೋಗಿ, "ಅಕ್ಕ, ಭಯ ಆಗ್ತೈತಾ?" ಎಂದು ಕೇಳಿದೆ.

"ಆಗ್ತೈತೆ," ಎಂದರು. "ಅವರಷ್ಟು ಓಡಿಸಿದೋಳಲ್ಲ ನಾನು. ಆದ್ರೆ ಒಂದು ನೋಡೀನಿ. ಇಳಿಜಾರಲ್ಲಿ ಅವರು ನ್ಯೂಟ್ರಲ್ ಮಾಡಿದ್ರೆ ಹಸಿರು ಪಟ್ಟಿ ಪೂರ್ತಿ ಬರಲ್ಲ. ಒಂದೊಂದ್ಸಲ ಮರ್ತು ಗೇರಿನಾಗೇ ಬಿಟ್ಟು ಕಾಲು ತೆಗೆದ್ರೆ ತುದಿ ತನಕ ಹೋಗ್ತೈತೆ. ಗೇರಲ್ಲಿದ್ರೆ ಗಾಲೀನೇ ಎಂಜಿನ್ ತಿರುಗಿಸ್ತೈತಂತೆ, ಪೆಟ್ರೋಲ್ ತಾನೇ ನಿಲ್ತೈತಂತೆ. ನಾಗಣ್ಣನ್ನೂ ಕೇಳ್ದೆ, ಹೊಸ ಗಾಡೀಲಿ ಹಂಗೇ ಅಂದ."

"ಅಣ್ಣಂಗೆ ಹೇಳಿದ್ರಾ?"

"ಹೇಳ್ದೆ. ನಂಗೆ ಪಾಠ ಹೇಳ್ಬ್ಯಾಡ ಅಂದ್ರು. ಅವರ ಹಣೆಬರಹ."

ಭಾನುವಾರ ಬಂತು. ಏಕಾಂತಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀಟು ಮುಂದೆ ಎಳೆದುಕೊಂಡು ಕೂತರು. ಸ್ಟಾರ್ಟ್ ಮಾಡಿದರು, ಬೆಲ್ಟ್ ಹಾಕಿದರು, ಹೊರಟರು. ಗಾಳಿಗೆ ಕಾಯಲಿಲ್ಲ. ಗಂಡ ಎಡಗಡೆ ಸೀಟಿನಲ್ಲಿ ಬಲಗಾಲನ್ನು ನೆಲಕ್ಕೆ ಒತ್ತುತ್ತಾ ಇಲ್ಲದ ಬ್ರೇಕನ್ನು ಹಿಡಿಯುತ್ತಿದ್ದರು. ಹೈವೇಯಲ್ಲಿ ಖಾಸಗಿ ಬಸ್ಸು ಹಾರ್ನ್ ಹೊಡೆದು ಮುಂದೆ ಹೋಯಿತು, ಲಾರಿ ಮುಂದೆ ಹೋಯಿತು, ಒಂದು ಮದುವೆ ದಿಬ್ಬಣದ ಟೆಂಪೋ ಕೂಡ ಮುಂದೆ ಹೋಯಿತು. ರೇವಣಸಿದ್ದಪ್ಪನವರಿಗೆ ತಡೆಯಲಾಗಲಿಲ್ಲ.

"ಟೆಂಪೋನೂ ಹೋಯ್ತಲ್ಲೇ! ಸ್ವಲ್ಪ ಒತ್ತೇ!"

"ಹೋಗ್ಲಿ ಬಿಡ್ರಿ. ಅವರಿಗೆ ಮುಹೂರ್ತ ಐತೆ, ನಮಗೇನೈತೆ."

ಅದೇ ವೇಗ, ಅದೇ ಗೇರು. ಇಳಿಜಾರು ಬಂದರೆ ಗೇರಿನಲ್ಲೇ ಬಿಟ್ಟು ಕಾಲೆತ್ತುವರು. ಏರು ದೂರದಲ್ಲಿ ಕಂಡರೆ ಮೊದಲೇ ಸ್ವಲ್ಪ ವೇಗ ತುಂಬಿಕೊಳ್ಳುವರು, ಹತ್ತುವಾಗ ಆಕ್ಸಿಲೇಟರ್ ಒದೆಯುವುದಿಲ್ಲ. ವಾಣಿವಿಲಾಸಪುರ ದಾಟಿದ ಮೇಲೆ ಮತ್ತೆ ಕುರಿ. ನನಗೆ ಅದು ಇನ್ನೂ ಧೂಳಿನ ಹಾಗೆ ಕಾಣುತ್ತಿರುವಾಗಲೇ ಏಕಾಂತಮ್ಮ ಕಾಲು ತೆಗೆದಿದ್ದರು. ಕಾರು ತನ್ನಷ್ಟಕ್ಕೆ ನಿಧಾನವಾಗುತ್ತಾ ಬಂತು, ಹಸಿರು ಪಟ್ಟಿ ತುದಿಯಲ್ಲೇ ಇತ್ತು. ನಾವು ಅಲ್ಲಿಗೆ ಮುಟ್ಟುವ ಹೊತ್ತಿಗೆ ಕೊನೆಯ ಕುರಿ ರಸ್ತೆ ಇಳಿಯಿತು. ಬ್ರೇಕೂ ಇಲ್ಲ, ಹಾರ್ನೂ ಇಲ್ಲ. ಕುರಿ ಕಾಯುವ ಮುದುಕ ಕಿಟಕಿಯೊಳಗೆ ಬಗ್ಗಿ ನೋಡಿ, "ಕುರಿ ಮನೇಳೇ ಇರ್ಬೇಕು ನೀನು," ಅಂದ.

"ಹೂಂ ಕಣಪ್ಪ, ಹರಿಯಬ್ಬೆ," ಎಂದರು ಏಕಾಂತಮ್ಮ. ಆಮೇಲೆ ನನ್ನ ಕಡೆ ಹೇಳಿದರು. "ಕುರೀನ ಓಡಿಸ್ಬಾರ್ದು ಶಾಂತಿ. ಓಡಿಸಿದ್ರೆ ಮೇಯ್ದಿದ್ದೆಲ್ಲ ಅದಕ್ಕೇ ಹೋಗ್ತೈತೆ, ಮೈ ಹತ್ತಲ್ಲ. ಮುಂದೆ ಏನೈತೆ ಅಂತ ದೂರದಿಂದ್ಲೇ ನೋಡ್ಕಂಡು ಹಂಗೇ ತಿರುಗಿಸ್ಬೇಕು. ನಮ್ಮಪ್ಪ ದಿನಾ ಬೈಯ್ಯೋನು." ರೇವಣಸಿದ್ದಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು.

ಎಲ್ಲ ಇಷ್ಟು ಸಲೀಸಾಗಿ ಮುಗಿದಿದ್ದರೆ ನನಗೆ ಹೇಳುವುದಕ್ಕೇನಿರುತ್ತಿತ್ತು? ಹೊಸದುರ್ಗದ ಪೇಟೆಯಲ್ಲಿ, ಒಂದು ಸಣ್ಣ ಏರಿನಲ್ಲಿ, ಮುಂದೆ ತರಕಾರಿ ಗಾಡಿ, ಹಿಂದೆ ಲಾರಿ. ಏಕಾಂತಮ್ಮ ಕ್ಲಚ್ ಬಿಟ್ಟರು, ಕಾರು ಜಗ್ಗಿ ನಿಂತುಹೋಯಿತು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ನಿಂತಿತು. ಲಾರಿಯವನು ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ರಸ್ತೆಯ ಜನ ಎಲ್ಲ ಕಾರಿನ ಒಳಗೇ ನೋಡುತ್ತಿದ್ದರು. ಏಕಾಂತಮ್ಮನವರ ಕತ್ತಿನ ಮೇಲೆ ಬೆವರು ಇಳಿಯುತ್ತಿದ್ದುದು ನನಗೆ ಹಿಂದಿನಿಂದ ಕಾಣುತ್ತಿತ್ತು. ರೇವಣಸಿದ್ದಪ್ಪ ಬೆಲ್ಟ್ ಬಿಚ್ಚಿ ಬಾಗಿಲಿಗೆ ಕೈ ಹಾಕಿದರು.

"ಇಳೀ ಇಳೀ, ಆಗಲ್ಲ ನಿನ್ ಕೈಲಿ. ನಾನು ತಗೀತೀನಿ."

ಇಳಿದರೆ ಮುಗಿಯಿತು, ಲೈಸೆನ್ಸ್ ಪೆಟ್ಟಿಗೆಗೆ. ಏಕಾಂತಮ್ಮ ಹ್ಯಾಂಡ್ ಬ್ರೇಕ್ ಎಳೆದರು. ಒಂದು ಉಸಿರು ತೆಗೆದುಕೊಂಡರು. ಗಂಡನ ಕಡೆ ತಿರುಗಲಿಲ್ಲ.

"ಡ್ಯೂಟಿಲಿ ಗಂಡ ಇಲ್ಲ," ಎಂದರು. "ಕುಂತ್ಕಳ್ರಿ."

ರೇವಣಸಿದ್ದಪ್ಪ ನಿಧಾನವಾಗಿ ಬಾಗಿಲಿನಿಂದ ಕೈ ತೆಗೆದು, ಬೆಲ್ಟ್ ಮತ್ತೆ ಹಾಕಿಕೊಂಡರು. ಏಕಾಂತಮ್ಮ ಸ್ಟಾರ್ಟ್ ಮಾಡಿ, ಎಂಜಿನ್ ಸ್ವಲ್ಪ ಏರುವ ತನಕ ತಡೆದು, ಹ್ಯಾಂಡ್ ಬ್ರೇಕ್ ಇಳಿಸಿದರು. ಕಾರು ಒಂದಿಷ್ಟೂ ಹಿಂದೆ ಜಾರದೆ ಏರು ಹತ್ತಿತು. ನಾನು ಚಪ್ಪಾಳೆ ಹೊಡೆದುಬಿಟ್ಟೆ. ಚೆಕಿಂಗ್ ಅಧಿಕಾರಿ ಹಾಗೆ ಮಾಡಬಾರದು, ಆದರೆ ನನ್ನಿಂದ ಎಲ್ಲಿ ತಡೆಯಲಾಗುತ್ತದೆ?

ಹೊಳಲ್ಕೆರೆಯ ಬಂಕಿನಲ್ಲಿ ಅದೇ ಜಾಗದಲ್ಲಿ ನಿಲ್ಲಿಸಿದರು. ಸುದ್ದಿ ಹೇಗೆ ಹರಡಿತ್ತೋ, ಬೀದಿಯ ಅರ್ಧ ಜನ ಅಲ್ಲೇ ಇದ್ದರು. ರಂಗೇಶ ಪೈಪು ಹಾಕಿದ. ಟಕ್ ಎಂದು ನಿಂತಿತು. ಮೀಟರಿನಲ್ಲಿ ಕಂಡ ಲೀಟರ್ ನೋಡಿ ರೇವಣಸಿದ್ದಪ್ಪನವರ ಮುಖ ಬಿಳುಚಿತು.

"ಇನ್ನೊಂಚೂರು ಹಾಕು ರಂಗೇಶ. ಇನ್ನೂ ಹಿಡಿಸ್ತೈತೆ," ಎಂದು ಕಾರಿನ ಪಕ್ಕಕ್ಕೆ ಹೋಗಿ ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಲು ಶುರುಮಾಡಿದರು.

"ಅಣ್ಣಾ!" ಎಂದು ಕೂಗಿದೆ. "ಗೋಪುರ ನಡೆಯಲ್ಲ! ತಲೆ ಸವರಿದ್ದೇ ಲೆಕ್ಕ!"

ಬಂಕಿಗೆ ಬಂಕೇ ನಕ್ಕಿತು. ರೇವಣಸಿದ್ದಪ್ಪ ಕೈ ಬಿಟ್ಟರು. ರಂಗೇಶ ಫೋನಿನಲ್ಲಿ ಒಂದು ಸಲ ಲೆಕ್ಕ ಹಾಕಿದ, ನಂಬದೆ ಇನ್ನೊಂದು ಸಲ ಹಾಕಿದ. ಇಪ್ಪತ್ತೊಂದೂವರೆ. ಜನ ಕೂಗಿದರು, ಯಾರೋ ಶಿಳ್ಳೆ ಹೊಡೆದರು. ನಾನು ಏಕಾಂತಮ್ಮನವರನ್ನು ತಬ್ಬಿಕೊಂಡೆ, ನಾಚಿಕೆಯಿಲ್ಲದೆ ಅತ್ತೂ ಬಿಟ್ಟೆ. ನಾನು ಗೆದ್ದಿದ್ದರೂ ನನಗೆ ಅಷ್ಟು ಖುಷಿ ಆಗುತ್ತಿರಲಿಲ್ಲ. ಏಕಾಂತಮ್ಮ ಮಾತ್ರ ಗಂಡನ ಕಡೆ ನೋಡಿದರು. ಆತ ಕಾರಿನ ಸುತ್ತ ಒಂದು ಸುತ್ತು ಬಂದು, ಅಭ್ಯಾಸಬಲದಿಂದ ಟೈರಿಗೆ ಕಾಲೆತ್ತಿದವರು ಒದೆಯದೆ ಕಾಲು ಇಳಿಸಿದರು.

ರೇವಣಸಿದ್ದಪ್ಪ ಮನೆಗೆ ಬಂದು ಹಲಗೆಯ ಮುಂದೆ ನಿಂತರು. ಅಂಗಿಯ ತೋಳಿನಿಂದಲೇ ಪೂರ್ತಿ ಒರೆಸಿದರು. ನನಗೆ ಸಿಟ್ಟು ನೆತ್ತಿಗೇರಿತು, ಸೋತ ಕೂಡಲೇ ಹಲಗೆಯೇ ಬೇಡವಾಯಿತೇ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಸೀಮೆಸುಣ್ಣ ತೆಗೆದುಕೊಂಡು, ಡಿಪೋದಲ್ಲಿ ಬರೆಯುತ್ತಿದ್ದ ಹಾಗೆ ಗೆರೆ ಎಳೆದು, ಮೇಲೆ ಬರೆದರು: ಚಾಲಕರು, ಶ್ರೀಮತಿ ಏಕಾಂತಮ್ಮ, ಇಪ್ಪತ್ತೊಂದೂವರೆ. ಅದರ ಕೆಳಗೆ ತಮ್ಮ ಹೆಸರು. ಆ ಹಲಗೆಯ ಮೇಲೆ ಅವರ ಹೆಸರಿನ ಮೇಲೆ ಇನ್ನೊಂದು ಹೆಸರು ಬಂದದ್ದು ಅದೇ ಮೊದಲು. ಜೇಬಿನಿಂದ ಕೀಲಿಕೈ ತೆಗೆದು ಹೆಂಡತಿಯ ಕೈಯಲ್ಲಿಟ್ಟರು.

"ಚೆನ್ನಾಗಿ ಓಡಿಸಿದೆ ಕಣೇ," ಎಂದರು. "ನಾನೇ ದಡ್ಡ. ನೀನು ಆ ಟೆಂಪೋನ ಮುಂದೆ ಹೋಗಾಕೆ ಬಿಟ್ಟೆ ನೋಡು, ನನ್ ಕೈಲಿ ಆಗ್ತಿರಲಿಲ್ಲ."

ಏಕಾಂತಮ್ಮನವರ ಕಣ್ಣು ತುಂಬಿತು. ಇಪ್ಪತ್ತೊಂದೂವರೆಗೆ ತುಂಬದ ಕಣ್ಣು ಆ ಮಾತಿಗೆ ತುಂಬಿತು.

ಮರುದಿನವೇ ಹರಿಯಬ್ಬೆಗೆ ಹೊರಟರು. ನನ್ನನ್ನೂ ಬಾ ಎಂದರು, ಅಂಗಡಿ ಮುಚ್ಚಿ ಹೋದೆ. ರೇವಣಸಿದ್ದಪ್ಪ ಏಕಾಂತಮ್ಮನವರ ಪಕ್ಕ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, "ಕೆಳಗಿನ ಹೆಸರಿನೋರು ಟ್ರೈನಿಂಗಿಗೆ ಬರ್ಬೇಕು, ರೂಲ್ಸು. ಹೇಳಿ ಮೇಡಂ, ಕಾಲು ಹೆಂಗಿಡ್ಬೇಕು?" ಎಂದರು. ಏಕಾಂತಮ್ಮ ನಿಜವಾಗಿಯೂ ಹೇಳಿಕೊಟ್ಟರು, ಆತ ನಿಜವಾಗಿಯೂ ಕೇಳಿಸಿಕೊಂಡರು. ದಾರಿಯಲ್ಲಿ ಎಳನೀರು ಕಂಡಲ್ಲಿ ನಿಲ್ಲಿಸಿದರು, ಹೂ ಕಂಡಲ್ಲಿ ನಿಲ್ಲಿಸಿದರು, ಒಂದು ಕಡೆ ಏನೂ ಇಲ್ಲದೆಯೂ ನಿಲ್ಲಿಸಿದರು. ಯಾರೂ ಯಾಕೆ ಎಂದು ಕೇಳಲಿಲ್ಲ.

ಹುಚ್ಚಕ್ಕ ಬಾಗಿಲಲ್ಲೇ ಕೋಲು ಹಿಡಿದು ನಿಂತಿದ್ದರು. ಸ್ಟೇರಿಂಗಿನ ಹಿಂದೆ ತಂಗಿಯನ್ನು ಕಂಡವರೇ ಒಳಗೂ ಕರೆಯದೆ, "ನಡಿಯೇ ಹಿರಿಯೂರಿಗೆ ಹೋಗಾಣ, ಬಜ್ಜಿ ತಿನ್ನಾಣ," ಎಂದು ಮುಂದಿನ ಬಾಗಿಲು ತೆಗೆದರು. ರೇವಣಸಿದ್ದಪ್ಪ ಇಳಿದು, ಹೆಂಡತಿಯ ಅಕ್ಕನ ಕೋಲು ಹಿಡಿದು ಮುಂದೆ ಕೂರಿಸಿ, ಬೆಲ್ಟ್ ಹಾಕಿ, ತಾವು ಹಿಂದೆ ಬಂದು ನನ್ನ ಪಕ್ಕ ಕೂತರು. ಬಾಗಿಲು ಮುಚ್ಚಿತು. ಆತ ಜೇಬಿನಿಂದ ಒಂದು ನೋಟು ತೆಗೆದು, ಮುಂದಿನ ಸೀಟಿನ ಕಡೆ ಕೈ ಚಾಚಿದರು.

"ಒಂದು ಹಿರಿಯೂರು ಕೊಡ್ರಿ."

ಏಕಾಂತಮ್ಮ ತಿರುಗಿ ನೋಡಲಿಲ್ಲ. ಗೇರ್ ಹಾಕಿದರು, ಕನ್ನಡಿಯಲ್ಲಿ ಹಿಂದೆ ನೋಡಿದರು, ಕಾರು ತೆಗೆದರು.

"ಚಿಲ್ರೆ ಕೊಡ್ರಿ," ಎಂದರು.